ಮಂಡಿ ಸವೆದಿದೆ, ಆಟ ಬಿಡಿ ಅಂದ್ರು

(1)

ಫೋಟೋದಲ್ಲಿರೋದು ನಮ್ಮ ಮಾವನ ಎಡಗಾಲು. ಮಂಡಿ ಮೇಲೆ ಮಣ್ಣು ಮೆತ್ಕೊಂಡಿದೆಯಲ್ಲ, ಅದು ಗಣಪತಿ ಹಬ್ಬದಲ್ಲಿ ನಮ್ಮೂರಲ್ಲಿ ನಡೆದ ಕಬಡ್ಡಿ ಮ್ಯಾಚಿಂದು. ನಲವತ್ತು ದಾಟಿದವರ ಮ್ಯಾಚು. ನಂಜನಗೂಡು ಕಡೆಯವರಿಗೆ ಗೊತ್ತಿರತ್ತೆ, ಹುಡುಗರ ಫೈನಲ್‌ಗಿಂತ ಜಾಸ್ತಿ ಜನ ಸೇರೋದು ಈ ಮ್ಯಾಚಿಗೇ. ಹೊಟ್ಟೆ ಬಂದಿರೋ ಹಳೇ ರೈಡರ್‌ಗಳು ನಿಕ್ಕರ್ ಹಾಕ್ಕೊಂಡು ಇಳಿತಾರೆ, ಹೆಂಡ್ತಿ ಮಕ್ಕಳೆಲ್ಲ ನಗ್ತಾ ನೋಡ್ತಾರೆ.

ಮಾವಂಗೆ 46. ಒಂದ್ ಕಾಲದಲ್ಲಿ ಅವನು ಎಡಗಡೆ ಮೂಲೆಯಿಂದ ರೈಡಿಗೆ ಹೋದ ಅಂದ್ರೆ ಎದುರಿನವರು ಹಿಂದೆ ಸರೀತಿದ್ರಂತೆ. ಆವತ್ತೂ ಹಂಗೇ ಹೋದ, ತಿರುಗಿದ, ಮಂಡಿ ಒಳಗಡೆ ಏನೋ ಹಿಡ್ಕೊಂಡಂಗಾಯ್ತು. ಬಿದ್ದಿಲ್ಲ, ಯಾರೂ ಹೊಡೆದಿಲ್ಲ. ಕುಂಟ್ಕೊಂಡು ಬಂದು ಕೂತ. ಮಾರನೇ ದಿನ ಸ್ವಲ್ಪ ಊತ, ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ಹದಿನೈದು ದಿನ ಎಣ್ಣೆ ತಿಕ್ಕಿಸ್ಕೊಂಡ. ಆಮೇಲೆ ಒಂದು ಆಸ್ಪತ್ರೆಗೆ ಹೋದ.

ಅಲ್ಲಿ ಏನಾಯ್ತು ಅನ್ನೋದೇ ಈ ಸಲದ ವಿಷಯ. ಆಸ್ಪತ್ರೆ ಹೆಸರು ಹೇಳಲ್ಲ, ಕೇಳ್ಬೇಡಿ. ಅದೊಂದೇ ಅಂತಲ್ಲ, ನೀವು ನಿಮ್ಮ ಮನೇಲಿ ಕೇಳಿ ನೋಡಿ, ಇದೇ ಕಥೆ ಇನ್ನೊಂದು ಊರಿನ ಹೆಸರಲ್ಲಿ ಸಿಗತ್ತೆ.

(2)

ಡಾಕ್ಟ್ರು ಮಂಡಿ ಮುಟ್ಟಿದ್ದು ಅರ್ಧ ನಿಮಿಷ. ಎಂಆರ್‌ಐ ಬರೆದ್ರು. ಮೈಸೂರಿಗೆ ಹೋಗಿ ಮಾಡಿಸ್ಕೊಂಡು ಬಂದ್ವಿ, 6,500 ರೂಪಾಯಿ. ರಿಪೋರ್ಟಲ್ಲಿ ಮೆನಿಸ್ಕಸ್ ಹರಿದಿದೆ ಅಂತಿತ್ತು. ಮೆನಿಸ್ಕಸ್ ಅಂದ್ರೆ ತೊಡೆ ಮೂಳೆ ಮತ್ತೆ ಕಾಲಿನ ಮೂಳೆ ನಡುವೆ ಇರೋ ಮೆತ್ತೆ, ಅರ್ಧಚಂದ್ರಾಕಾರದ್ದು. ಡಾಕ್ಟ್ರು ರಿಪೋರ್ಟ್ ನೋಡಿ ಎರಡು ಮಾತು ಹೇಳಿದ್ರು. ಒಂದು, ಸಣ್ಣ ತೂತು ಹಾಕಿ ಆಪರೇಷನ್ ಮಾಡ್ಬೋದು. ಎರಡು, ಹೆಂಗೂ ಮಂಡಿ ಸವೆದಿದೆ, ವಯಸ್ಸಾಯ್ತು, ಇನ್ನು ಆಟಗೀಟ ಬಿಟ್ಬಿಡಿ.

ನಾನು ಪಕ್ಕದಲ್ಲೇ ನಿಂತಿದ್ದೆ. ಮಾವನ ಮುಖ ನೋಡ್ದೆ. ಆಪರೇಷನ್ ಅಂದಾಗ ಅವನಿಗೆ ಏನೂ ಅನ್ನಿಸ್ಲಿಲ್ಲ. ಆಟ ಬಿಡಿ ಅಂದಾಗ ಮುಖ ಇಳೀತು.

ಬಿಕಾಂ ಓದೋ ನಂಗೆ ಸವಕಳಿ ಅಂದ ತಕ್ಷಣ ನೆನಪಾಗೋದು ಅಕೌಂಟ್ಸ್ ಪೀರಿಯಡ್ಡು. ಹತ್ತು ಲಕ್ಷದ ಯಂತ್ರ, ಹತ್ತು ವರ್ಷ ಆಯಸ್ಸು, ವರ್ಷಕ್ಕೆ ಒಂದು ಲಕ್ಷ ಕಳೀತಾ ಬನ್ನಿ, ಕೊನೆಗೆ ಗುಜರಿ ಬೆಲೆ. ಮಾವನ ಮಂಡಿಗೂ ಅವತ್ತು ಅದೇ ಲೆಕ್ಕ ಹಾಕಿದ್ರು. ಆದ್ರೆ ಯಂತ್ರಕ್ಕೂ ಮಂಡಿಗೂ ಒಂದು ವ್ಯತ್ಯಾಸ ಇದೆ. ಯಂತ್ರ ಓಡಿಸಿದಷ್ಟೂ ಸವೆಯತ್ತೆ. ಮಂಡಿ ಹಂಗಲ್ಲ. ಅದನ್ನ ಹಿಡಿದಿರೋ ತೊಡೆಯ ಸ್ನಾಯುಗಳಿಗೆ ಸರಿಯಾಗಿ ಕೆಲಸ ಕೊಟ್ರೆ ಬಲ ಬರತ್ತೆ, ಸುಮ್ನೆ ಇಟ್ರೆ ಸೊರಗತ್ತೆ. ಆಟ ಬಿಡಿ ಅಂತ ಹೇಳಿ ಬೇರೆ ಏನೂ ಹೇಳದೆ ಕಳಿಸಿದ್ರೆ, ಮಂಡಿಗೆ ಬೇಕಾಗಿದ್ದನ್ನೇ ಕಿತ್ಕೊಂಡು ಕಳಿಸಿದಂಗೆ.

ಎಂಟು ತಿಂಗಳಲ್ಲಿ ಮಾವನ ತೂಕ 6 ಕೆಜಿ ಏರ್ತು. ತೂಕ ಜಾಸ್ತಿಯಿದ್ದು ಮಂಡಿ ಸವೆತ ಇರೋರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ (2005) ಹೇಳೋದು, 1 ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಇಳಿಯತ್ತೆ ಅಂತ. ಅದೇ ಲೆಕ್ಕ ಉಲ್ಟಾ ಹಾಕಿ. ನೋವು ಕಮ್ಮಿಯಾಗ್ಲಿ ಅಂತ ಆಟ ಬಿಡಿಸಿದ್ರು, ಹೆಜ್ಜೆಗೆ 24 ಕೆಜಿ ಜಾಸ್ತಿ ಹೊರೆ ಹೊರಿಸಿದ್ರು.

(3)

ಆಪರೇಷನ್ ಮಾಡಿಸ್ಬೇಕಿತ್ತಾ? ಮನೇಲಿ ದೊಡ್ಡ ಜಗಳಾನೇ ಆಯ್ತು. ಅಮ್ಮ ಮಾಡ್ಸು ಅಂದ್ಲು, ಅತ್ತೆ ಬೇಡ ಅಂದ್ಲು. ನಾನು ಓದೋಕೆ ಕೂತೆ. ಸಿಕ್ಕಿದ್ದು ನಂಗೇ ಆಶ್ಚರ್ಯ.

ಫಿನ್ಲೆಂಡಲ್ಲಿ 35ರಿಂದ 65 ವರ್ಷದ 146 ಜನರ ಮೇಲೆ ಒಂದು ಪ್ರಯೋಗ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ಎಲ್ಲರಿಗೂ ಮಾವನ ತರಾನೇ, ವಯಸ್ಸಿನ ಜೊತೆ ಹರಿದ ಮೆನಿಸ್ಕಸ್. ಅರ್ಧ ಜನಕ್ಕೆ ನಿಜವಾದ ಆಪರೇಷನ್, ಇನ್ನರ್ಧ ಜನಕ್ಕೆ ನಾಟಕದ ಆಪರೇಷನ್. ಅಂದ್ರೆ ತೂತು ಹಾಕಿ ನೋಡಿದ್ರು, ಆದ್ರೆ ಹರಿದ ಭಾಗ ಕತ್ತರಿಸ್ಲಿಲ್ಲ. ಒಂದು ವರ್ಷ ಆದ್ಮೇಲೆ ಎರಡು ಗುಂಪಿನ ನೋವಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. 2016ರಲ್ಲಿ ನಾರ್ವೆಯವರು 140 ಜನರಲ್ಲಿ ಅರ್ಧಕ್ಕೆ ಆಪರೇಷನ್, ಅರ್ಧಕ್ಕೆ 12 ವಾರ ವ್ಯಾಯಾಮ ಕೊಟ್ರು. ಎರಡು ವರ್ಷ ಬಿಟ್ಟು ನೋಡಿದ್ರೆ ಇಬ್ಬರೂ ಒಂದೇ. ಮೂರು ತಿಂಗಳ ಹೊತ್ತಿಗೆ ತೊಡೆ ಬಲ ಮಾತ್ರ ವ್ಯಾಯಾಮದವರದ್ದೇ ಜಾಸ್ತಿ.

ಇನ್ನೊಂದು ವಿಷಯ, ಇದನ್ನ ಓದಿ ನಾನು ಆ 6,500 ನೆನೆಸ್ಕೊಂಡು ಹಲ್ಲು ಕಡಿದೆ. ಅಮೆರಿಕದಲ್ಲಿ 50 ದಾಟಿದ 991 ಜನರ ಮಂಡಿಗಳನ್ನ ಎಂಆರ್‌ಐ ಮಾಡಿದ್ರು (2008). ಮೆನಿಸ್ಕಸ್ ಹರಿದಿತ್ತಲ್ಲ, ಅಂಥವರಲ್ಲಿ 61% ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರ್ಲಿಲ್ಲ. ಅಂದ್ರೆ ನಡುವಯಸ್ಸು ದಾಟಿದವರ ರಿಪೋರ್ಟಲ್ಲಿ ಹರಿದಿದೆ ಅಂತ ಬರೋದು ಎಷ್ಟೋ ಸಲ ತಲೇಲಿ ಬಿಳಿ ಕೂದಲು ಇದೆ ಅಂತ ಬರೆದಂಗೆ. ನಿಜ, ಆದ್ರೆ ತಲೆನೋವಿಗೆ ಅದೇ ಕಾರಣ ಅನ್ನೋಕಾಗಲ್ಲ.

ಇದನ್ನ ಓದಿ ಯಾರೂ ಆಪರೇಷನ್ನೇ ಮೋಸ ಅಂತ ತಿಳ್ಕೋಬೇಡಿ. ಮಂಡಿ ಒಂದು ಕಡೆ ಲಾಕ್ ಆಗಿ ಬಿಚ್ಚೋಕೇ ಆಗ್ತಿಲ್ಲ, ಪೆಟ್ಟಾದ ಒಂದೆರಡು ಗಂಟೇಲೇ ಬುಸ್ಸಂತ ಊದಿಕೊಂಡಿದೆ, ನಡೀವಾಗ ಕಾಲು ಕೈ ಕೊಡ್ತಿದೆ, ಇವೆಲ್ಲ ಬೇರೆ ಲೆಕ್ಕ. ಅಂಥದ್ದಕ್ಕೆ ಕಾಯ್ಬೇಡಿ. ಜ್ವರ ಬಂದು ಮಂಡಿ ಕೆಂಪಗೆ ಬಿಸಿಯಾಗಿದ್ರೆ ಅವತ್ತೇ ಹೋಗಿ.

(4)

ಈಗ ತಿ. ನರಸೀಪುರಕ್ಕೆ ಬನ್ನಿ. ಇದು ಚಿಕ್ಕಮ್ಮನ ಮಂಡಿ, ಎರಡನೇ ಫೋಟೋ, ಬಲಗಾಲು.

ಆ ತಾಲ್ಲೂಕಿನವರಿಗೆ ಖೋ ಖೋ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ. 2025ರ ಜನವರೀಲಿ ದೆಹಲೀಲಿ ಮೊದಲನೇ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಹೆಣ್ಮಕ್ಕಳ ತಂಡದಲ್ಲಿದ್ದ ಬಿ. ಚೈತ್ರಾ ಇದೇ ತಾಲ್ಲೂಕಿನ ಕುರುಬೂರಿನವರು. ಅವತ್ತು ಸ್ಟೇಟಸ್ ಹಾಕದವರು ಯಾರಿದ್ರಿ ಹೇಳಿ? ಆದ್ರೆ ಆ ಆಟದಲ್ಲಿ ಮಂಡಿ ಏನು ಪಡುತ್ತೆ ಅಂತ ಯಾರಾದ್ರೂ ನೋಡಿದೀರಾ? ಕುಕ್ಕರಗಾಲಲ್ಲಿ ಕೂತಿರೋದು, ಬೆನ್ನಿಗೆ ಏಟು ಬಿದ್ದ ಕೂಡ್ಲೇ ಸಿಡಿದು ಏಳೋದು, ಓಡ್ತಾ ಓಡ್ತಾ ಕಂಬ ಹಿಡಿದು ಗಿರ್ರಂತ ತಿರುಗೋದು. ಮಂಡಿಯ ಎಸಿಎಲ್ ಅನ್ನೋ ಹಗ್ಗ ಹರಿಯೋದು ಹೆಚ್ಚಾಗಿ ಇಂಥ ತಿರುವಲ್ಲೇ, ಯಾರೂ ಮುಟ್ಟದೇನೇ. ಒಂದೇ ತರದ ಆಟ ಆಡಿದ್ರೂ ಗಂಡಸರಿಗಿಂತ ಹೆಂಗಸರಿಗೆ ಇದು ಜಾಸ್ತಿ ಆಗತ್ತೆ.

ಚಿಕ್ಕಮ್ಮಂಗೆ 39, ಸರ್ಕಾರಿ ಶಾಲೆ ಟೀಚರ್. ಹೈಸ್ಕೂಲಲ್ಲಿ ಖೋ ಖೋ ಆಡಿದವಳು. ನೌಕರರ ಕ್ರೀಡಾಕೂಟಕ್ಕೆ ಇಳಿದ್ಲು, ಕಂಬದ ಹತ್ರ ಟಪ್ ಅಂತ ಸದ್ದು ಕೇಳಿಸ್ತಂತೆ. ಸಂಜೆ ಹೊತ್ತಿಗೆ ಮಂಡಿ ತೆಂಗಿನಕಾಯಿ ಗಾತ್ರ. ಅಲ್ಲೂ ಅದೇ, ಉಳುಕು ಅಂತ ತಿಕ್ಕಿದ್ರು. ಊದಿರೋ ಮಂಡೀನ ಮೊದಲ ಎರಡು ದಿನ ತಿಕ್ಕೋದು, ಬಿಸಿ ಕೊಡೋದು ಮಾಡ್ಬೇಡಿ ದಯವಿಟ್ಟು. ಬಟ್ಟೇಲಿ ಸುತ್ತಿದ ಐಸ್, ಬಿಗಿ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ಅಷ್ಟೇಯ.

ಅವಳಿಗೆ ಸಿಕ್ಕಿದ ಡಾಕ್ಟ್ರು ಬೇರೆ ತರ. ಮಂಡಿ ಸ್ವಲ್ಪ ಮಡಿಸಿ, ಒಂದು ಕೈಲಿ ತೊಡೆ ಹಿಡಿದು ಇನ್ನೊಂದು ಕೈಲಿ ಕೆಳಗಿನ ಕಾಲನ್ನ ಮುಂದಕ್ಕೆಳೆದು ನೋಡಿದ್ರು. ಎರಡೂ ಕಾಲಿಗೂ ಮಾಡಿ ಹೋಲಿಸಿದ್ರು. ಎಸಿಎಲ್ ಹೋಗಿದೆ ಅಂತ ಕೈಯಲ್ಲೇ ಹೇಳಿದ್ರು, ಸ್ಕ್ಯಾನ್ ಆಮೇಲೆ ಅದನ್ನೇ ಹೇಳ್ತು. ಆಮೇಲೆ ಅವರು ಕೇಳಿದ ಪ್ರಶ್ನೆ ನೋಡಿ: "ನಿಮಗೆ ಈ ಕಾಲಿಂದ ಮುಂದೆ ಏನೇನು ಮಾಡ್ಬೇಕು?"

ಮಾವನ ಮಂಡಿ ನೋಡಿದವರು ಯಾರೂ ಈ ಪ್ರಶ್ನೆ ಕೇಳ್ಲಿಲ್ಲ. ನನ್ನ ಪ್ರಕಾರ ಒಳ್ಳೆ ಚಿಕಿತ್ಸೆ ಶುರುವಾಗೋದೇ ಇಲ್ಲಿಂದ.

ಚಿಕ್ಕಮ್ಮ ಹೇಳಿದ್ಲು, ಮಕ್ಕಳಿಗೆ ಆಟ ಹೇಳ್ಕೊಡ್ಬೇಕು, ಮುಡುಕುತೊರೆ ಬೆಟ್ಟ ಹತ್ತಬೇಕು, ನೆಲದ ಮೇಲೆ ಕೂರ್ಬೇಕು. ಖೋ ಖೋ ಮತ್ತೆ ಆಡ್ಲೇಬೇಕು ಅಂತಿಲ್ಲ. ಹಂಗಾದ್ರೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ, ಆಗ್ಲೂ ಕಾಲು ಕೈ ಕೊಡ್ತಿದ್ರೆ ಆಪರೇಷನ್, ಅಂದ್ರು. ಇದು ಅವರು ಮನಸ್ಸಿಗೆ ಬಂದಂಗೆ ಹೇಳಿದ್ದಲ್ಲ. ಸ್ವೀಡನ್ನಲ್ಲಿ ಎಸಿಎಲ್ ಹರಿದ 121 ಜನರನ್ನ ಎರಡು ಗುಂಪು ಮಾಡಿದ್ರು, 2010ರಲ್ಲಿ ಪ್ರಕಟ ಆಗಿದೆ. ಮೊದಲು ವ್ಯಾಯಾಮ, ಬೇಕಾದ್ರೆ ಮಾತ್ರ ಆಪರೇಷನ್ ಅಂದ ಗುಂಪಲ್ಲಿ ಎರಡು ವರ್ಷದೊಳಗೆ ಆಪರೇಷನ್ ಬೇಕಾಗಿದ್ದು ಹತ್ತರಲ್ಲಿ ನಾಲ್ಕು ಜನಕ್ಕೆ. ಅವರೆಲ್ಲ ಚಿಕ್ಕಮ್ಮನಿಗಿಂತ ಚಿಕ್ಕ ವಯಸ್ಸಿನವರು, ಅದೂ ನೆನಪಿರ್ಲಿ.

ಚಿಕ್ಕಮ್ಮಂಗೆ ಇದುವರೆಗೂ ಆಪರೇಷನ್ ಆಗಿಲ್ಲ. ಹೋದ ಜಾತ್ರೇಲಿ ಬೆಟ್ಟ ಹತ್ತಿ ಬಂದ್ಲು.

(5)

ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೆ ಡಾಕ್ಟ್ರು, ಕೆಟ್ಟ ಡಾಕ್ಟ್ರು ಕಥೆ ಆಗೋಗತ್ತೆ. ಅದು ಅರ್ಧ ನಿಜ.

ಮಾವಂಗೂ ಕೊನೆಗೆ ಇನ್ನೊಬ್ಬರು ಡಾಕ್ಟ್ರು ವ್ಯಾಯಾಮಾನೇ ಬರೆದ್ರು. ವಾರಕ್ಕೆ ಮೂರು ಸಲ, ಆರು ವಾರ, ಒಟ್ಟು 18 ಸಲ ಫಿಸಿಯೋಥೆರಪಿ. ಅವನು ಹೋಗಿದ್ದು 5 ಸಲ. ಸೋಮಾರಿ ಅಂತ ನಾನೂ ಬೈದೆ. ಆಮೇಲೆ ಒಂದು ಹಾಳೇಲಿ ಲೆಕ್ಕ ಬರೆದೆ. ಒಂದು ಸಲಕ್ಕೆ 400, 18 ಸಲಕ್ಕೆ 7,200. ಮೈಸೂರಿಗೆ 25 ಕಿಲೋಮೀಟರು ಹೋಗಿ ಬಂದು, ಕಾದು ಮಾಡಿಸ್ಕೊಳ್ಳೋಕೆ ಅರ್ಧ ದಿನ ರಜಾ, ಅರ್ಧ ದಿನದ ಸಂಬಳ ಅವನಿಗೆ 300, ಅಲ್ಲಿಗೆ 5,400. ಬಸ್ ಚಾರ್ಜು ಬಿಟ್ಟು 12,600. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡೋನು ಅವನು. ಸೂಪರ್‌ವೈಸರ್ ಹತ್ರ ವಾರಕ್ಕೆ ಮೂರು ಸಲ ಅರ್ಧ ದಿನ ಕೇಳಿ ನೋಡಿ, ಗೊತ್ತಾಗತ್ತೆ.

ಚಿಕ್ಕಮ್ಮಂಗೆ? ಸಂಬಳ ಸಮೇತ ರಜಾ ಇತ್ತು. ಶಕ್ತಿ ಯೋಜನೆ ಬಂದ್ಮೇಲೆ ಬಸ್ಸು ಫ್ರೀ. ಇಬ್ಬರ ಮಂಡಿ ನಡುವೆ ಇದ್ದ ವ್ಯತ್ಯಾಸದಲ್ಲಿ ಇದೂ ಒಂದು ಪಾಲು.

ಈಗ ಸರ್ಕಾರದ ಕಾರ್ಡು ನೋಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ತಗೊಂಡ್ರೆ ಉಪಯೋಗಕ್ಕೆ ಬರತ್ತೆ, ಒಳ್ಳೇದೇ. ಆದ್ರೆ ಸೇರದೆ, ಹೊರಗಿಂದ ಬಂದು ಹೋಗಿ ತಿಂಗಳುಗಟ್ಟಲೆ ಮಾಡೋ ಖಾಸಗಿ ಫಿಸಿಯೋಥೆರಪಿ ಬಿಲ್ಲಿಗೆ ಆ ಕಾರ್ಡು ಬರಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಬಂಡವಾಳ ವೆಚ್ಚಕ್ಕೆ ಮಂಜೂರಾತಿ ಇದೆ, ನಿರ್ವಹಣಾ ವೆಚ್ಚಕ್ಕೆ ಇಲ್ಲ. ಮಂಡಿ ಪೂರ್ತಿ ಕೆಡೋ ತನಕ ಕಾದ್ರೆ ದುಡ್ಡಿದೆ, ಕೆಡದಂಗೆ ನೋಡ್ಕೊಳ್ಳೋಕೆ ಕೈಯಿಂದ ಹಾಕ್ಬೇಕು.

ಅವನ ಪೇ ಸ್ಲಿಪ್ ನೋಡ್ತಾ ಇನ್ನೊಂದು ಸಿಕ್ತು. ಇಎಸ್‌ಐ, 0.75% ಕಡಿತ. ವರ್ಷಗಟ್ಟಲೆ ಕಟ್ಟಿದಾನೆ. ಕಾರ್ಡು ಬೀರುವಿನಲ್ಲಿ ಮದುವೆ ಕಾಗದಗಳ ಕೆಳಗಿತ್ತು. ಅದು ಬರೀ ಫ್ಯಾಕ್ಟರೀಲಿ ಆದ ಪೆಟ್ಟಿಗೆ ಅಂದ್ಕೊಂಡಿದ್ದ. ಅಲ್ಲ. ಭಾನುವಾರ ಕಬಡ್ಡಿ ಆಡಿ ಮಂಡಿ ಹೋದ್ರೂ ಚಿಕಿತ್ಸೆಗೆ ಬರತ್ತೆ. ಇಎಸ್‌ಐ ಡಾಕ್ಟ್ರು ಕೆಲಸ ಮಾಡೋಕಾಗಲ್ಲ ಅಂತ ಸರ್ಟಿಫಿಕೇಟ್ ಕೊಟ್ರೆ, ವಂತಿಗೆ ಸರಿಯಾಗಿ ಕಟ್ಟಿದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಅನಾರೋಗ್ಯ ಭತ್ಯೆ ಕೂಡ ಇದೆ. ತಿಂಗಳಿಗೆ 21,000ದವರೆಗೆ ಸಂಬಳ ಇರೋರಿಗೆ ಈ ಯೋಜನೆ. ನಿಮ್ಮ ಅಪ್ಪನೋ ಅಣ್ಣನೋ ಫ್ಯಾಕ್ಟರೀಲಿದ್ರೆ ಇವತ್ತೇ ಆ ಪೇ ಸ್ಲಿಪ್ ತೆಗ್ಸಿ ನೋಡಿ.

(6)

ನಲವತ್ತಾದ್ಮೇಲೆ ಆಡೋದ್ಯಾಕೆ, ತೆಪ್ಪಗೆ ಕೂರ್ಬಾರ್ದಾ ಅಂತ ಕೇಳೋರಿಗೆ ಒಂದು ಮಾತು.

ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ 2024ರ ಜನವರೀಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಮಂಡಿ ಮೃದ್ವಸ್ಥಿ ಸವೆದು ಹೋಗಿತ್ತು, ದಿನಾ ನೋವಿನ ಮಾತ್ರೆ ನುಂಗ್ತಿದ್ದೆ ಅಂತ ಅವರೇ ಹೇಳಿದಾರೆ. ಅದೇ ಸವೆದಿದೆ ಅನ್ನೋ ಪದ! ಅವರಿಗೆ ಸಹಾಯ ಮಾಡಿದ್ದು ಅಯ್ಯಂಗಾರ್ ಯೋಗ ಅಂತಾರೆ. ಆ ಬಿ.ಕೆ.ಎಸ್. ಅಯ್ಯಂಗಾರ್ 1930ರ ದಶಕದಲ್ಲಿ ಯೋಗ ಕಲಿತಿದ್ದು ನಮ್ಮ ಮೈಸೂರಲ್ಲೇ, ಭಾವ ಕೃಷ್ಣಮಾಚಾರ್ಯರ ಹತ್ರ. ಯೋಗ ಮಾಡಿದ್ರೆ ಎಲ್ಲಾರ ಮಂಡೀನೂ ಸರಿಹೋಗತ್ತೆ ಅಂತ ನಾನು ಹೇಳ್ತಿಲ್ಲ. ಬೋಪಣ್ಣಗೆ ಜೊತೇಲೇ ತಿರುಗೋ ಫಿಸಿಯೋ ಇದ್ರು, ನಮ್ಮ ಮಾವಂಗೆ ಅರ್ಧ ದಿನ ರಜಾನೇ ಇಲ್ಲ. ಸವೆದ ಮಂಡಿ ಅಂದ್ರೆ ಮುಗಿದ ಮಂಡಿ ಅಲ್ಲ ಅನ್ನೋದಷ್ಟೇ ನಾನು ತಗೊಂಡಿದ್ದು.

ಮಾವನ ವಿಷಯಕ್ಕೆ ಬಂದ್ರೆ, ಆ ಎಂಟು ತಿಂಗಳು ಅವನು ಭಾನುವಾರ ಮನೆಯಿಂದ ಹೊರಗೇ ಬರ್ತಿರ್ಲಿಲ್ಲ. ಮೈದಾನದ ಕಡೆ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಅಂಗಡಿಗೆ ಹೋಗ್ತಿದ್ದ. ಕಬಡ್ಡಿ ಅವನಿಗೆ ಸಂಬಳ ಕೊಟ್ಟಿಲ್ಲ, ಕೆಲಸ ಕೊಟ್ಟಿಲ್ಲ. ಆದ್ರೆ ಅವನನ್ನ ನಾಲ್ಕೂರಲ್ಲಿ ಹೆಸರಿಟ್ಟು ಕರೆಯೋ ತರ ಮಾಡಿದ್ದು ಅದೊಂದೇ. ಸುತ್ತೂರು ಜಾತ್ರೆ ಕುಸ್ತಿ ನೋಡೋಕೆ ಬರೋ ವಯಸ್ಸಾದ ಪೈಲ್ವಾನರನ್ನ ಗಮನಿಸಿ, ಎಷ್ಟು ಜನ ಕುಂಟ್ತಾ ಬಂದು ಮುಂದಿನ ಸಾಲಲ್ಲಿ ಕೂರ್ತಾರೆ. ಮಾಜಿ ಪೈಲ್ವಾನರಿಗೆ ಕ್ರೀಡಾ ಇಲಾಖೆಯಿಂದ ಮಾಸಾಶನ ಇದೆ. ಸರಿ. ಆ ಮಂಡಿಗಳನ್ನ ಒಂದು ದಿನ ಸಾಲಾಗಿ ಕೂರಿಸಿ ನೋಡೋರು ಯಾರು?

(7)

ನಂಗೇನು ಬೇಕು ಅಂತ ಕೇಳಿದ್ರೆ, ಸ್ಪೆಷಾಲಿಟಿ ಆಸ್ಪತ್ರೆ ಬೇಡ. ನಂಜನಗೂಡು ಮತ್ತೆ ತಿ. ನರಸೀಪುರದ ತಾಲ್ಲೂಕು ಆಸ್ಪತ್ರೇಲಿ ವಾರಕ್ಕೆ ಎರಡು ಸಂಜೆ, 5ರಿಂದ 7, ಮಂಡಿಗೆ ಅಂತಲೇ ಒಂದು ರೂಮು. ಒಬ್ಬರು ಫಿಸಿಯೋಥೆರಪಿಸ್ಟು, ಹತ್ತು ಕುರ್ಚಿ, ರಬ್ಬರ್ ಬ್ಯಾಂಡು, ಒಂದು ಮೆಟ್ಟಿಲು. ಡೆನ್ಮಾರ್ಕಲ್ಲಿ 2013ರಿಂದ ಇಂಥದ್ದು ನಡೀತಿದೆ, ಗ್ಲಾಡ್ ಅಂತ ಹೆಸರು. ಎರಡು ತರಗತಿ ಪಾಠ, ವಾರಕ್ಕೆ ಎರಡರಂತೆ ಹನ್ನೆರಡು ಸಲ ಗುಂಪಲ್ಲಿ ವ್ಯಾಯಾಮ. ಅಷ್ಟೇ ಕಾರ್ಯಕ್ರಮ. ಸಂಜೆ ಇಟ್ರೆ ಫಸ್ಟ್ ಶಿಫ್ಟ್ ಮುಗಿಸಿ ಬರ್ಬೋದು, ರಜಾ ಬೇಡ, ಮೈಸೂರು ಬಸ್ಸೂ ಬೇಡ. ಹತ್ತು ಜನ ಹಳೇ ಆಟಗಾರರು ಒಟ್ಟಿಗೆ ಸೇರಿದ್ರೆ ಯಾರೂ ಐದನೇ ಸಲಕ್ಕೆ ಬಿಡಲ್ಲ, ಒಬ್ಬರ ಕಾಲು ಒಬ್ಬರು ಎಳೀತಾ ಮಾಡ್ತಾರೆ. ಮೈಸೂರಲ್ಲಿ ಫಿಸಿಯೋಥೆರಪಿ ಕಾಲೇಜಿದೆ, ಕಲಿಯೋರಿಗೆ ಇದಕ್ಕಿಂತ ಒಳ್ಳೆ ಮಂಡಿಗಳು ಎಲ್ಲಿ ಸಿಗತ್ತೆ?

ಟೂರ್ನಮೆಂಟ್ ಮಾಡೋ ಅಣ್ಣಂದಿರೇ, ನಿಮಗೂ ಒಂದು. ಹುಡುಗನಿಗಿಂತ ಎತ್ತರದ ಟ್ರೋಫಿ ತರ್ತೀರ, ಡಿಜೆ ತರ್ತೀರ. ಒಂದು ಐಸ್ ಬಾಕ್ಸು, ನಾಲ್ಕು ಕ್ರೇಪ್ ಬ್ಯಾಂಡೇಜು ತನ್ನಿ. ಹಿರಿಯರ ಮ್ಯಾಚಿಗೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡ್ಸಿ, ಊಟ ಆದ್ಮೇಲೆ ಸೀದಾ ಅಂಕಣಕ್ಕಿಳಿಸ್ಬೇಡಿ.

ಎಕ್ಸ್‌ರೇ ಬೇಕಾ ಬೇಡ್ವಾ ಅಂತ ಗೊತ್ತಾಗ್ದೆ ಒದ್ದಾಡೋರು ಇದನ್ನ ಸೇವ್ ಮಾಡ್ಕೊಳಿ, ಒಟ್ಟಾವ ನಿಯಮ ಅಂತಾರೆ. ಪೆಟ್ಟಾದವರಿಗೆ 55 ಅಥವಾ ಮೇಲ್ಪಟ್ಟ ವಯಸ್ಸು, ಇಲ್ಲಾ ಮಂಡಿ ಚಿಪ್ಪನ್ನೋ ಮಂಡಿ ಹೊರಗಡೆ ಕೆಳಗಿರೋ ಮೂಳೆ ತಲೆಯನ್ನೋ ಒತ್ತಿದ್ರೆ ನೋವು, ಇಲ್ಲಾ 90 ಡಿಗ್ರಿವರೆಗೆ ಮಡಿಸೋಕಾಗಲ್ಲ, ಇಲ್ಲಾ ನಾಲ್ಕು ಹೆಜ್ಜೆ ಊರೋಕಾಗಲ್ಲ. ಇದರಲ್ಲಿ ಒಂದಿದ್ರೂ ಎಕ್ಸ್‌ರೇ ತೆಗೆಸ್ಬೇಕು. ಮತ್ತೆ ಮೂರು ಮೂರು ತಿಂಗಳಿಗೆ ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡು ಮ್ಯಾಚ್ ಆಡೋರು ಇದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷ ಹಂಗೆ ಹಾಕಿಸ್ಕೊಂಡ ಮಂಡಿ ಸವೆತದವರಿಗೆ ನೋವಲ್ಲಿ ಬರೀ ಉಪ್ಪುನೀರು ಹಾಕಿಸ್ಕೊಂಡವರಿಗಿಂತ ಹೆಚ್ಚು ಲಾಭ ಆಗ್ಲಿಲ್ಲ, ಮೃದ್ವಸ್ಥಿ ಮಾತ್ರ ಜಾಸ್ತಿ ಸವೀತು.

(8)

ನಮ್ಮೂರ ದೇವರಿಗೆ ಹಕೀಂ ನಂಜುಂಡ ಅಂತ ಹೆಸರು. ಟಿಪ್ಪು ಸುಲ್ತಾನನ ಆನೆ ಕಣ್ಣು ವಾಸಿಯಾಯ್ತು, ಅವನೇ ಹಂಗೆ ಕರೆದ ಅಂತ ಹೇಳ್ತಾರೆ. ಅತ್ತೆ ಮಂಡಿಗೂ ಹರಕೆ ಹೊತ್ತಿದಾಳೆ. ನಾನು ಬೇಡ ಅನ್ನಲ್ಲ, ಹರಕೆ ಜೊತೆ ಕುರ್ಚೀನೂ ಇರ್ಲಿ ಅಂದೆ.

ಫಿಸಿಯೋ ಹೇಳ್ಕೊಟ್ಟ ಐದು ದಿನದ ವ್ಯಾಯಾಮಾನ ನಾನು ವಿಡಿಯೋ ಮಾಡಿಟ್ಕೊಂಡಿದ್ದೆ. ಈಗ ದಿನಾ ಸಂಜೆ ಮಾವ ಜಗಲಿ ಮೇಲೆ ಅದನ್ನೇ ಮಾಡ್ತಾನೆ, ನಾನು ಎಣಿಸ್ತೀನಿ. ಮೂರನೇ ಫೋಟೋ ಅದೇ, ಹಿಂದೆ ಅತ್ತೆ ನಗ್ತಿರೋದು ಕಾಣತ್ತೆ ನೋಡಿ. ಮೊನ್ನೆ ಕೇಳ್ದ, ಈ ಗಣಪತಿ ಹಬ್ಬಕ್ಕೆ ಇಳೀಲಾ ಅಂತ. ನಾನು ಡಾಕ್ಟ್ರಲ್ಲ, ಹೂಂ ಅಂತಾನೂ ಅನ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ಎಡಗಾಲೊಂದರಲ್ಲೇ, ಕೈ ಊರದೆ, ಕುರ್ಚಿಯಿಂದ ಹತ್ತು ಸಲ ಎದ್ದು ತೋರ್ಸು, ಆಮೇಲೆ ಡಾಕ್ಟ್ರನ್ನ ಕೇಳೋಣ ಅಂದೆ.

ನಿನ್ನೆ ಆರು ಆಯ್ತು.

#ಮಂಡಿಲೆಕ್ಕ #ನಂಜನಗೂಡು #ತಿನರಸೀಪುರ #ಕಬಡ್ಡಿ #ಖೋಖೋ